ಹರವಿಗೆ ಹಿಡಿದ ಗ್ರಹಣ

ಭೋಂ… ಧಬ್! ಮೊದಲು 'ಭೋಂ', ಆಮೇಲೆ 'ಧಬ್', ಕಡೆಗೆ ಚೂರುಗಳೆಲ್ಲ ಒಂದರ ಮೇಲೊಂದು ಒರಗಿಕೊಂಡು ಸುಮ್ಮನಾಗುವ ಸಣ್ಣ ಕಿಣಿಕಿಣಿ. ನೀರು ತುಂಬಿಡುವ ದೊಡ್ಡ ಮಣ್ಣಿನ ಹರವಿಯನ್ನು ಹಿತ್ತಲ ಕಟ್ಟೆಯಿಂದ ಕೆಳಗಿನ ಕಲ್ಲಿನ ಮೇಲೆ ಉರುಳಿಸಿದರೆ ಬರುವ ಸದ್ದು ಇದು. ಅರವತ್ತು ವರ್ಷಗಳ ಹಿಂದಿನದು. ಈಗ ಪಕ್ಕದ ಕೋಣೆಯಿಂದ ಸೊಸೆ ಕೂಗಿದ್ದೂ ನನಗೆ ಕೇಳಿಸುವುದಿಲ್ಲ, ಇದು ಮಾತ್ರ ಕ್ಲಿಯರ್ ಆಗಿ ಕೇಳಿಸುತ್ತದೆ.

ನನ್ನನ್ನು ನೋಡಿದವರು ಭಾಳ ನಾಜೂಕಿನ ಹೆಂಗಸು ಎಂದುಕೊಳ್ಳುತ್ತಾರೆ. ಕಾನ್ವೆಂಟಿನಲ್ಲಿ ಓದಿದವಳು, ಚಹಾ ಕುಡಿದರೆ ಸದ್ದಾಗುವುದಿಲ್ಲ, ಕಪ್ಪು ಇಟ್ಟರೆ ಬಸಿಗೂ ಗೊತ್ತಾಗುವುದಿಲ್ಲ. ಮದುವೆಯಲ್ಲಿ ಗೆಳತಿಯರು ಕೊಟ್ಟ ಬೋನ್ ಚೈನಾ ಟೀ ಸೆಟ್ಟಿನ ಹನ್ನೆರಡು ಕಪ್ಪುಗಳಲ್ಲಿ ಹನ್ನೆರಡೂ ಇವತ್ತಿಗೆ ಜೀವಂತವಾಗಿವೆ. ಭಾನುವಾರಕ್ಕೊಮ್ಮೆ ಸೊಸೆ ಅವನ್ನು ತೊಳೆಯುವಾಗ ಹಿಂದೆ ನಿಂತು "ಜೆಂಟ್ಲಿ, ಜೆಂಟ್ಲಿ" ಎನ್ನುವುದು ನನ್ನ ಡ್ಯೂಟಿ. ಕಳೆದ ಭಾನುವಾರ ಏಳನೇ ಕಪ್ಪು ಕೈಯಲ್ಲಿ ಹಿಡಿದು ಅವಳು ಕೇಳಿದಳು: "ಅತ್ತೀ, ಮುಂದಿನ ಗ್ರಹಣ ಯಾವಾಗ ಐತ್ರಿ?" ಈಗಿನ ಕಾಲದಲ್ಲೂ ಎಷ್ಟು ದೈವಭಕ್ತಿ ಅಂತ ನಾನು ಖುಷಿಪಟ್ಟೆ. ಆದರೆ ಗ್ರಹಣ ಎಂಬ ಮಾತು ಕಿವಿಗೆ ಬಿದ್ದದ್ದೇ, ಆ ಹಳೆಯ 'ಭೋಂ' ಎದ್ದು ಕೂತಿತು. ಆದ್ದರಿಂದ ಈ ಕನ್ಫೆಷನ್. ಒಡೆಯುವುದೆಂದರೆ ನನಗೆ ಪ್ರಾಣ.

ತಪ್ಪು ಹಾಸ್ಟೆಲಿನದು ಅನ್ನಿ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಹತ್ತು ತಿಂಗಳು ಎಲ್ಲವೂ ಜೆಂಟ್ಲಿ. ಬಾಗಿಲು ಜೆಂಟ್ಲಿ ಹಾಕಬೇಕು, ಡೆಸ್ಕಿನ ಮುಚ್ಚಳ ಜೆಂಟ್ಲಿ ಇಳಿಸಬೇಕು, ಸೀನಿದರೂ ಸಿಸ್ಟರ್ ಹುಬ್ಬು ಏರಿಸುತ್ತಿದ್ದರು. ಹೀಗೆ ಹತ್ತು ತಿಂಗಳ ಒಡೆಯುವ ಆಸೆಯನ್ನೆಲ್ಲ ಹೊಟ್ಟೆಯಲ್ಲಿ ತುಂಬಿಕೊಂಡು ಬೇಸಿಗೆ ರಜೆಗೆ ರೋಣದಲ್ಲಿ ಬಸ್ಸಿಳಿದರೆ, ಕಾಕಾನ ಮಗಳು ಶಾಂತಾ ಕಾಯುತ್ತ ನಿಂತಿರುತ್ತಿದ್ದಳು. ಹೆಸರಷ್ಟೇ ಶಾಂತಾ.

"ಅಕ್ಕಾ, ಒಡ್ಯಾಕ ಭಾಳ ಕೂಡಿಸಿ ಇಟ್ಟೀನಿ. ಹಂಚು ನಾಕ, ಬರಿಯೂ ಪಾಟಿ ಒಂದ, ಸುಟ್ಟ ಬಲ್ಬ್ ಒಂದ."

"ಬಲ್ಬ್ ಎರಡ ಅಂತ ಪತ್ರದಾಗ ಬರದಿದ್ದೆಲ್ಲ?"

"ಎರಡ ಇದ್ದೂ. ನಿನ್ನೆ ತಡಕೊಳ್ಳಾಕ ಆಗಲಿಲ್ಲ."

ಇದೆಲ್ಲ ಬರಿ ಚಿಲ್ಲರೆ ಸುಖ. ನಮ್ಮ ದೊಡ್ಡ ಹಬ್ಬವೆಂದರೆ ಗ್ರಹಣ. ಗ್ರಹಣ ಹಿಡಿದರೆ ಮನೆಯ ಮಣ್ಣಿನ ಪಾತ್ರೆಗಳಿಗೆಲ್ಲ ಮೈಲಿಗೆ. ತಾಮ್ರ, ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದರೆ ಮಾಫಿ; ಮಣ್ಣಿಗೆ ಮಾಫಿಯಿಲ್ಲ. ಹಳೆಯ ಗಡಿಗೆಗಳನ್ನು ಹಿತ್ತಲಿಗೆ ಒಯ್ದು ಒಡೆದು, ಕುಂಬಾರರ ಮನೆಯಿಂದ ಹೊಸವು ತರಬೇಕು. ಒಡೆಯುವ ಕೆಲಸ ಮಕ್ಕಳದು. ಒಡೆದರೆ ಬೈಗುಳವಿಲ್ಲ, ಪುಣ್ಯ ಬೇರೆ! ತೊಂದರೆ ಒಂದೇ. ಸೂರ್ಯ ಚಂದ್ರರಿಗೆ ನಮ್ಮ ರಜೆಯ ಪರಿವೆ ಇರಲಿಲ್ಲ.

ಅಪ್ಪನಿಗೆ ನರಗುಂದದಲ್ಲಿ ನೌಕರಿ. ಶನಿವಾರ ಬರುವಾಗ ನನ್ನ ಇಂಗ್ಲಿಷ್ ಕೆಡಬಾರದೆಂದು ಒಂದು ಇಂಗ್ಲಿಷ್ ಪೇಪರು ತರುತ್ತಿದ್ದ. ಆ ಸಲ ಒಳಪುಟದ ಮೂಲೆಯಲ್ಲಿ 'ನಾಳೆ ಟೋಟಲ್ ಸೋಲಾರ್ ಎಕ್ಲಿಪ್ಸ್' ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ಇಂಡಿಯಾದಲ್ಲಿ ಕಾಣುವುದಿಲ್ಲ ಎಂದೂ ಇತ್ತು. ಕಾಣದ ಗ್ರಹಣಕ್ಕೆ ಮೈಲಿಗೆಯಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಮೇಲಿನ ಸಾಲು ಗಟ್ಟಿಯಾಗಿ ಓದಿ, ಕೆಳಗಿನದನ್ನು ನುಂಗಿಬಿಟ್ಟೆ.

ಅಪ್ಪನ ತಾಯಿ, ನಮ್ಮ ಆಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಪಂಚಾಂಗದಾಗ ಇಲ್ಲಲ್ಲವಾ?"

"ಇಂಗ್ಲೀಷ್ ಪೇಪರಿನ್ಯಾಗ ಬಂದೈತಿ ಆಯಿ. ಟೋಟಲ್ ಅಂತ."

"ಟೋಟಲ್ ಅಂದ್ರ?"

"ಪೂರಾ. ಒಂದ ಗಡಿಗಿನೂ ಉಳಿಯೂದಿಲ್ಲ."

"ಹರವಿನೂ," ಎಂದಳು ಶಾಂತಾ ತಡೆಯಲಾರದೆ.

 ಹರವಿಯ ಮಾತು ಯಾರೂ ಹಗುರಾಗಿ ಆಡುವಂತಿರಲಿಲ್ಲ. ಅದು ಆಯಿಯ ಅತ್ತೆ ಗಜೇಂದ್ರಗಡದಿಂದ ಚಕ್ಕಡಿಯಲ್ಲಿ ಹುಲ್ಲು ಹಾಸಿ ತಂದದ್ದು. ನಾವಿಬ್ಬರೂ ಅದರ ಹಿಂದೆ ಅಡಗಿದರೆ ಜಡೆ ಕೂಡ ಕಾಣುತ್ತಿರಲಿಲ್ಲ. ಎಂಟು ಕೊಡ ನೀರು ಹಿಡಿಯುತ್ತಿತ್ತು. ಎಂಟನ್ನೂ ದಿನಾ ಕೆರೆಯಿಂದ ಹೊತ್ತು ತುಂಬುತ್ತಿದ್ದವಳು ಆಯಿ. ಆ ಅತ್ತೆ ಬೆರಳ ತುದಿಯಿಂದ ಅದಕ್ಕೆ ಟಕ್ ಟಕ್ ಬಡಿದು, ಆಯಿಯ ಹೆಸರು ಹಿಡಿದು, "ಗಂಗವ್ವಾ, ನೀರ ಕಡಿಮಿ ಐತಿ" ಅನ್ನುತ್ತಿದ್ದಳು. ಗ್ರಹಣ ಬಂದರೆ ಅದರ ಮೇಲೆ ನಾಲ್ಕು ಗರಿಕೆ ಇಟ್ಟು ತಾನೇ ಮಾಫಿ ಕೊಡುತ್ತಿದ್ದಳು. ಅತ್ತೆ ತೀರಿಕೊಂಡು ಆಗ ವರ್ಷವಾಗಿತ್ತಷ್ಟೆ.

ಆಯಿ ನನ್ನನ್ನು ನೋಡಿದಳು. ಹರವಿಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. "ಕಾನ್ವೆಂಟ್ ಸಾಲ್ಯಾಗ ಕಲ್ತಾಕಿ ಸುಳ್ಳ ಹೇಳ್ತಾಳೇನ? ನಾಳೆ ಒಯ್ಯೂಣು ಹಿತ್ತಲಿಗೆ."

ಮರುದಿನ ಉಪವಾಸ. ಹನ್ನೊಂದಾದರೂ ಆಕಾಶದಲ್ಲಿ ಗ್ರಹಣದ ಸುಳಿವಿಲ್ಲ. ಪಕ್ಕದ ಮನೆಯ ಕಲ್ಲವ್ವ ಗೋಡೆಯ ಮೇಲಿಂದ ಇಣುಕಿದಳು. "ಯಾವ ಗ್ರಹಣರಿ ಗಂಗಕ್ಕಾರ? ಸೂರ್ಯ ರೊಟ್ಟಿ ಹಂಚಿನಂಗ ಉರ್ಯಾಕತ್ತಾನಲ್ರಿ!"

ನಾನು ಶಾಂತಾಳ ಬೆನ್ನ ಹಿಂದೆ ಸರಿದೆ. ಆಯಿ ತಣ್ಣಗೆ ಹೇಳಿದಳು: "ಅದು ಇಂಗ್ಲೀಷ್ ಗ್ರಹಣವಾ ಕಲ್ಲವ್ವ. ನಮಗ ಕಾಣೂದಿಲ್ಲ."

ಸಣ್ಣ ಗಡಿಗೆಗಳು ಪಟಪಟನೆ ಹೋದವು. ಆಮೇಲೆ ಹಿತ್ತಲ ಕಟ್ಟೆಗೆ ಒಯ್ದಿಟ್ಟಿದ್ದ ಹರವಿ. ನಾವಿಬ್ಬರೂ ದೂಡಿದೆವು, ಅಲುಗಲಿಲ್ಲ. ಆಯಿಯೇ ಬಂದು ಒಂದು ಕೈ ಹಾಕಿದಳು. ಭೋಂ… ಧಬ್! ಆಹಾ, ಏನು ಸದ್ದು! ಶಾಂತಾ ಕುಣಿಯತೊಡಗಿದಳು. ನಾನು ತಿರುಗಿ ನೋಡಿದರೆ ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಾಳೆ, ಭುಜಗಳು ಅಲುಗುತ್ತಿವೆ. ಹಾಗೆಯೇ ಒಳಗೆ ಹೋದಳು. ನನ್ನ ಸಂತೋಷ ಅಲ್ಲೇ ಚೂರುಚೂರಾಯಿತು. ಆಯಿಗೆ ತನ್ನ ಅತ್ತೆಯ ನೆನಪಿಗೆ ಉಳಿದಿದ್ದ ಒಂದೇ ಒಂದು ವಸ್ತುವನ್ನು ನಾನು ಸುಳ್ಳು ಹೇಳಿ ಒಡೆಸಿದ್ದೆ.

ಆ ಗಿಲ್ಟ್ ನನ್ನನ್ನು ಬಿಡಲಿಲ್ಲ. ಶಾಲೆ ತೆರೆದ ಮೇಲೆ ಸಿಸ್ಟರ್ ಮುಂದೆ ಹೇಳಿಕೊಂಡೆ; ಇನ್ನು ಮುಂದೆ ಏನನ್ನೂ ಒಡೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನೂರು ಸಲ ಬರೆಸಿದರು. ಸಾಲಲಿಲ್ಲ. ನೌಕರಿ ಸೇರಿದ ಮೇಲೆ, ಮದುವೆಯಾದ ಮೇಲೆ, ಆಯಿಯನ್ನು ನೋಡಲು ಹೋದಾಗಲೆಲ್ಲ ನೀರಿಗೆ ಸಂಬಂಧಪಟ್ಟ ಏನಾದರೊಂದು ಒಯ್ಯುತ್ತಿದ್ದೆ. ತಾಮ್ರದ ಕೊಡ, ಪ್ಲಾಸ್ಟಿಕ್ ಬಕೆಟ್ಟು, ಥರ್ಮಾಸು. "ಈ ಹುಡುಗಿಗೆ ನಾನು ಯಾವಾಗ ನೋಡಿದ್ರೂ ನೀರಡಿಸಿದಾಕಿ ಹಂಗ ಕಾಣ್ತೀನೇನ?" ಎಂದು ಆಯಿ ಮಂದಿಯನ್ನೆಲ್ಲ ಕೇಳುತ್ತಿದ್ದಳಂತೆ.

ಕಡೆಯ ಸಲ ಆಯಿಯನ್ನು ನೋಡಿದ್ದು ಗಜೇಂದ್ರಗಡದಲ್ಲಿ, ಶಾಂತಾಳ ಗಂಡನ ಮನೆಯಲ್ಲಿ; ಕಡೆಗಾಲದಲ್ಲಿ ಆಯಿಯನ್ನು ನೋಡಿಕೊಂಡವಳು ಅವಳೇ. ನನ್ನ ಕೈಯಲ್ಲಿ ಒಂದು ಸ್ಟೀಲ್ ಫಿಲ್ಟರು. ಅದನ್ನು ಮಂಚದ ಪಕ್ಕ ಇಟ್ಟು, ಅತ್ತುಕೊಂಡೇ ಎಲ್ಲ ಹೇಳಿಬಿಟ್ಟೆ. ಸಣ್ಣಕ್ಷರದ ಸಾಲಿನ ಸಮೇತ.

"ಅದೇನ ಹೇಳ್ತಿ?" ಎಂದಳು ಆಯಿ. "ನಮ್ಮ ದೇಶದಾಗ ಕಾಣೂದಿಲ್ಲಂತ ನಿಮ್ಮಪ್ಪ ಪೇಪರ್ ಕೊಡೂಕಿಂತ ಮೊದಲ ನನಗ ಹೇಳಿದ್ದ."

"ಮತ್ತ ಸೆರಗ ಮುಚ್ಚಿಕೊಂಡ ಅಳಾಕತ್ತಿದ್ದೆಲ್ಲ?"

"ಅಳೂದು? ಕಲ್ಲವ್ವ ನೋಡಾಕತ್ತಿದ್ಲು. ಆಕಿ ಮುಂದ ನಗಾಕ ಬರತೈತೇನ? ನಲವತ್ತ ವರ್ಷ ದಿನಾ ಎಂಟ ಕೊಡ ಹೊತ್ತೀನವಾ ನಾನು!"

ಹಾಗೆಂದವಳು ಮಲಗಿದಲ್ಲಿಂದಲೇ ಕೈ ಚಾಚಿ ಫಿಲ್ಟರಿಗೆ ಬೆರಳ ತುದಿಯಿಂದ ಟಕ್ ಟಕ್ ಬಡಿದಳು. "ಗಂಗವ್ವಾ, ನೀರ ಕಡಿಮಿ ಐತಿ," ಎಂದು ತನ್ನ ಅತ್ತೆಯ ದನಿಯಲ್ಲಿ ಹೇಳಿ, ಸೆರಗು ಗಿರಗು ಏನೂ ಮುಚ್ಚಿಕೊಳ್ಳದೆ, ಉಳಿದಿದ್ದ ಎರಡು ಹಲ್ಲು ಕಾಣುವಂತೆ ನಕ್ಕಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಹೊಸ್ತಿಲು ದಾಟಿ ತಿರುಗಿ ನೋಡಿದಾಗಲೂ ನಗುತ್ತಲೇ ಇದ್ದಳು. ಅದೇ ಕಡೆ.

ಇಷ್ಟು ಬರೆದಾದ ಮೇಲೆ ಸೊಸೆಯ ಪ್ರಶ್ನೆ ನನಗೀಗ ಅರ್ಥವಾಗುತ್ತಿದೆ. ಏಳನೇ ಕಪ್ಪು ಹಿಡಿದ ಅವಳ ಕೈಯಲ್ಲಿ ಇದ್ದದ್ದು ದೈವಭಕ್ತಿಯಲ್ಲ. ಈ ಭಾನುವಾರ ಗ್ರಹಣದ ದಿನ ಹುಡುಕಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಕಾಣದಿದ್ದರೂ ಪರವಾಗಿಲ್ಲ. ಕಂಡೀಷನ್ ಒಂದೇ. ಮೊದಲನೇ ಕಪ್ಪು ನಾನೇ ಒಡೆಯಬೇಕು.