ನನಗೂ ಒಂದು ಕಷ್ಟ ಬೇಕಾಗಿತ್ತು

ನಮ್ಮ ಜನರಲ್ಲಿ ಸುಖವಾಗಿರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಸುಖವಾಗಿದ್ದೇನೆಂದು ಹೇಳಿಕೊಳ್ಳುವುದಕ್ಕೆ ಮಾತ್ರ ಎಂಟೆದೆ ಬೇಕು. ಯಾರಾದರೂ "ಹೇಗಿದ್ದೀರಿ?" ಎಂದು ಕೇಳಿದರೆ ಒಂದು ನಿಟ್ಟುಸಿರು ಬಿಟ್ಟು "ಏನೋ, ಹೀಗಿದ್ದೀವಿ" ಎನ್ನಬೇಕು. ಅದು ಬಿಟ್ಟು "ಚೆನ್ನಾಗಿದ್ದೀನಿ, ಬೆಳಿಗ್ಗೆ ಕುಡಿದ ಕಾಫಿ ಬಹಳ ಸೊಗಸಾಗಿತ್ತು" ಎಂದುಬಿಟ್ಟರೆ, ಇವನಿಗೆ ಎಲ್ಲೋ ಗಂಟು ಸಿಕ್ಕಿರಬೇಕು ಎಂದು ಕೇಳಿದವರು ನಮ್ಮ ಜೇಬನ್ನೇ ನೋಡುತ್ತಾರೆ. ಕಗ್ಗದಾಸಪುರದಲ್ಲಿದ್ದ ನಮ್ಮಜ್ಜಿಗೆ ತಂಬಿಗೆ ತುಂಬ ಹಾಲು ಕೊಡುವ ಒಂದು ಎಮ್ಮೆ ಇತ್ತು. ಬಂದವರಿಗೆಲ್ಲ ಅಜ್ಜಿ "ಹಾಲೇನೋ ಕೊಡ್ತದೆ, ಆದರೆ ಒದೀತದಮ್ಮ" ಎನ್ನುತ್ತಿದ್ದಳು. ಆ ಸಾಧು ಪ್ರಾಣಿ ಹುಟ್ಟಿದಾಗಿನಿಂದ ಒಂದು ನೊಣವನ್ನೂ ಒದ್ದಿರಲಿಲ್ಲ. ದೃಷ್ಟಿಯಾಗದಿರಲಿ ಎಂದು ಅಜ್ಜಿ ಎಮ್ಮೆಗೆ ಅಪವಾದ ಹೊರಿಸಿದ್ದಳು, ಅಷ್ಟೆ. ಅಜ್ಜಿಯ ಕಥೆಯನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಈಗ ಹೇಳಬೇಕಾಗಿರುವ ನನ್ನ ಮಾನಗೇಡಿತನವನ್ನು ಸ್ವಲ್ಪವಾದರೂ ಅವಳ ತಲೆಗೆ ಕಟ್ಟಬಹುದೇನೋ ಎಂಬ ಆಸೆ. ವ್ಯತ್ಯಾಸವಿಷ್ಟೇ: ಅಜ್ಜಿ ಎಮ್ಮೆಯನ್ನು ದೂರಿದಳು, ನಾನು ಹೆಂಡತಿಯನ್ನು ದೂರಿದೆ.

ನಾನು ದಂಡು ಪ್ರದೇಶದಲ್ಲಿ, ಬ್ಲ್ಯಾಕ್‌ಪಲ್ಲಿಯ ಮಾರುಕಟ್ಟೆಯ ಹಿಂದೆ, ಸೈನ್ಯಕ್ಕೆ ಡೇರೆ ಬಟ್ಟೆ ಒದಗಿಸುವ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಹೆಡ್ ಗುಮಾಸ್ತರು ಮುರುಗೇಶ ಮೊದಲಿಯಾರರು. ಉಗ್ರಾಣ ನೋಡಿಕೊಳ್ಳುವವರು ರಹೀಮ್ ಸಾಹೇಬರು. ಮಧ್ಯಾಹ್ನ ನಾವು ಮೂವರೂ ಟಿಫಿನ್ ಕ್ಯಾರಿಯರ್ ಹಿಡಿದು ಡೇರೆ ಬಟ್ಟೆಯ ಸುರುಳಿಗಳ ಮೇಲೆ ಕೂಡುತ್ತೇವೆ. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈಹಾಕುವ ವಾಡಿಕೆ ನಮ್ಮಲ್ಲಿಲ್ಲ. ಹಂಚಿಕೊಳ್ಳುವುದು ಕಷ್ಟವನ್ನು ಮಾತ್ರ. ಮೊದಲ ತುತ್ತಿಗೆ ಮುಂಚೆ ಪ್ರತಿಯೊಬ್ಬರೂ ಒಂದೊಂದು ದುಃಖವನ್ನು ಬಡಿಸಬೇಕು. ಮೊದಲಿಯಾರರಿಗೆ, ಮನೆಗೆ ಬಂದವನು ಹೋಗದೆ ಕೂತು ಹಾರ್ಮೋನಿಯಂ ಬಾರಿಸುವ ಅಳಿಯನಿದ್ದಾನೆ. ರಹೀಮ್ ಸಾಹೇಬರಿಗೆ, ಜಗಲಿಯ ತುಂಬ ಪಾರಿವಾಳ ಸಾಕಿರುವ ಅಣ್ಣನಿದ್ದಾರೆ. ನನಗೆ ಯಾರೂ ಇರಲಿಲ್ಲ. ಅಳಿಯ ಬರಲು ಮಗಳೇ ಇಲ್ಲ. ಅಣ್ಣ ಕೃಷ್ಣರಾಜಪುರದಲ್ಲಿ ತನ್ನ ಪಾಡಿಗೆ ತಾನು ತರಕಾರಿ ಬೆಳೆದುಕೊಂಡಿದ್ದಾನೆ. ನಾನು ಸುಮ್ಮನೆ ತಲೆಯಾಡಿಸುತ್ತ ಕೂತರೆ ಮೊದಲಿಯಾರರು "ನಿನಗೇನಪ್ಪಾ ಶೀನಪ್ಪ, ಮಹರಾಜ ನೀನು" ಎನ್ನುತ್ತಿದ್ದರು. ಅದು ಹೊಗಳಿಕೆಯಲ್ಲ. ಮದುವೆಮನೆಗೆ ಮುಯ್ಯಿಲ್ಲದೆ ಬಂದವನನ್ನು ನೋಡುವ ನೋಟ ಅದರಲ್ಲಿರುತ್ತಿತ್ತು.

ಹೋದ ತಿಂಗಳು ಒಂದು ಮಂಗಳವಾರ ಆ ನೋಟವನ್ನು ತಡೆಯಲಾರದೆ, "ಅಯ್ಯೋ, ನಮ್ಮನೆ ಸಾರಿನ ವಿಷಯ ನೀವು ಕೇಳಬೇಡಿ. ಹುಳಿ ಇದ್ದರೆ ಉಪ್ಪಿಲ್ಲ, ಉಪ್ಪಿದ್ದರೆ ಹುಳಿಯಿಲ್ಲ" ಎಂದುಬಿಟ್ಟೆ.

ಇಬ್ಬರ ಮುಖವೂ ಅರಳಿತು. "ಅರೆ ಭಾಯ್, ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದು ರಹೀಮ್ ಸಾಹೇಬರು ಹತ್ತಿರ ಸರಿದು ಕೂತರು. ಮೊದಲಿಯಾರರು "ಐಯೋ ಪಾವಂ" ಎಂದು ತಮ್ಮ ಅಳಿಯನನ್ನು ಅಂದಿಗೆ ಮರೆತೇಬಿಟ್ಟರು. ನನಗೆಂದು ಹೋಟೆಲಿನಿಂದ ಚಹಾ ಬಂತು. ಅವರ ಕನಿಕರ ಸಕ್ಕರೆಗಿಂತ ಸಿಹಿಯಾಗಿತ್ತು. ಸಕ್ಕರೆಗಾದರೆ ರೇಷನ್, ಕನಿಕರಕ್ಕೆ ಅದೂ ಇಲ್ಲ. ಗುರುವಾರದ ಹೊತ್ತಿಗೆ ನಾನು ಸಾರಿನಿಂದ ಪಲ್ಯಕ್ಕೆ ಮುಂದುವರಿದಿದ್ದೆ. ಶುಕ್ರವಾರ ಮುದ್ದೆಯೊಳಗೆ ಹಸಿಹಿಟ್ಟಿನ ಗಂಟುಗಳನ್ನು ಕಂಡೆ. ಹೇಳುತ್ತ ಹೇಳುತ್ತ, ಕ್ಯಾರಿಯರಿನ ಮುಚ್ಚಳವನ್ನು ಅಡ್ಡ ಹಿಡಿದು, ಒಳಗಿದ್ದುದನ್ನು ಬೆರಳು ನೆಕ್ಕಿ ನೆಕ್ಕಿ ಖಾಲಿ ಮಾಡುತ್ತಿದ್ದೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡು ತಿನ್ನುತ್ತಾನೆ ಪಾಪ ಎಂದು ಅವರು ಬೇರೆ ಕಡೆ ಮುಖ ತಿರುಗಿಸುತ್ತಿದ್ದರು.

ನಿಜ ಏನೆಂದು ನಿಮಗೆ ಮಾತ್ರ ಹೇಳುತ್ತೇನೆ. ನನ್ನ ಹೆಂಡತಿ ಕಮಲಳ ಸಾರಿನ ಒಗ್ಗರಣೆ ಚಟಪಟ ಎಂದರೆ ಹಲಸೂರಿನ ನಮ್ಮ ಬೀದಿಯಲ್ಲಿ ಹೋಗುವವರು ನಡಿಗೆ ನಿಧಾನ ಮಾಡುತ್ತಾರೆ. ಸಾರು ಒಂದೇ ಅಲ್ಲ, ನನ್ನ ಇಡೀ ವಾರವೇ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಚೆನ್ನಾಗಿದೆ. ಯುದ್ಧದಿಂದ ಪೆಟ್ರೋಲಿಲ್ಲದೆ ಬಸ್ಸು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದೆ. ಏರು ಬಂದರೆ ಎಲ್ಲರೂ ಇಳಿದು ನಡೆಯಬೇಕು. ಜನ ಸರ್ಕಾರವನ್ನು ಶಪಿಸುತ್ತಾರೆ. ನಾನೂ ಜೊತೆಗೆ ಎರಡು ಮಾತು ಶಪಿಸಿ, ಕೆರೆಯ ಕಡೆಯಿಂದ ಬರುವ ಗಾಳಿಗೆ ಅಂಗಿಯ ಗುಂಡಿ ಬಿಚ್ಚಿಕೊಂಡು ನಡೆಯುತ್ತೇನೆ. ರೇಷನ್ ಅಕ್ಕಿಯಲ್ಲಿ ಕಲ್ಲೇ ಹೆಚ್ಚು ಎಂದು ಊರೆಲ್ಲ ಗೋಳಾಡುತ್ತದೆ. ಕಲ್ಲು ಸಿಗದ ಒಂದು ತುತ್ತು ನುಂಗುವಾಗ ಆಗುವ ಆನಂದ ಅಕ್ಕಿ ಒಳ್ಳೆಯದಿದ್ದ ಕಾಲದಲ್ಲಿ ನನಗೆ ಗೊತ್ತೇ ಇರಲಿಲ್ಲ. ಶನಿವಾರ ಅರ್ಧ ದಿನ ಕೆಲಸ ಮುಗಿಸಿ, ಒಂದು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಕಟ್ಟಿಸಿಕೊಂಡು ಬರುತ್ತೇನೆ. ಭಾನುವಾರ ಎಣ್ಣೆ ನೀರು, ಊಟ, ನಿದ್ದೆ. ಪ್ರಪಂಚಕ್ಕೆ ಬೆಂಕಿ ಬಿದ್ದಿರುವಾಗ ಒಬ್ಬ ಗಂಡಸು ಇಷ್ಟಕ್ಕೆಲ್ಲ ಖುಷಿಪಡುತ್ತಾನೆಂದು ಹೇಗೆ ತಾನೇ ಹೇಳುವುದು?

ಆ ಭಾನುವಾರ ಎಣ್ಣೆ ನೀರಾಗಿ ಊಟ ಮುಗಿದು ಇನ್ನೇನು ಚಾಪೆ ಹಾಸಬೇಕು, ಬಾಗಿಲಲ್ಲಿ ಮೊದಲಿಯಾರರು. ಹಿಂದೆ ಅವರ ಹೆಂಡತಿ ವಿಶಾಲಾಕ್ಷಿಯಮ್ಮನವರು, ಕೈಯಲ್ಲಿ ಒಂದು ಡಬ್ಬ. ನನ್ನ ಮೈಮೇಲಿನ ಎಣ್ಣೆಯೆಲ್ಲ ಮತ್ತೆ ಬೆವರಾಗಿ ಬಂತು. ಕಮಲ ಸಂಭ್ರಮದಿಂದ ಅಡಿಗೆಮನೆಗೆ ಓಡಿದಳು. ವಿಶಾಲಾಕ್ಷಿಯಮ್ಮನವರೂ ಡಬ್ಬದ ಸಮೇತ ಹಿಂದೆಯೇ ಹೋದರು. ಹಜಾರದಲ್ಲಿ ಮೊದಲಿಯಾರರು ನನ್ನ ಮಂಡಿ ತಟ್ಟಿ, "ಕವಲೆ ಬೇಡಪ್ಪಾ, ಚಿಂತೆ ಬಿಡು. ನಮ್ಮವಳು ನೋಡ್ಕೊಳ್ತಾಳೆ" ಎಂದು ಸಮಾಧಾನ ಹೇಳಿದರು. ಒಳಗಿನ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಬೇಜಾರು ಮಾಡ್ಕೋಬೇಡ ಕಣ್ಣೂ. ಚಿಕ್ಕ ವಯಸ್ಸು, ಹೇಳ್ಕೊಡೋಕೆ ಅತ್ತೆ ಇಲ್ಲ. ಈ ಪುಡಿ ನಾನೇ ಮಾಡಿದ್ದು. ಉಪ್ಪು ಮಾತ್ರ ಮರೀಬಾರ್ದು. ಪಾವಂ, ನಿನ್ನ ಗಂಡ ದಿನಾ ಊಟದ ಹೊತ್ತಲ್ಲಿ ಕಣ್ಣೀರು ಹಾಕ್ತಾರಂತೆ."

ಕಣ್ಣೀರು ಮೊದಲಿಯಾರರ ಸ್ವಂತ ಸೇರ್ಪಡೆ. ಉಳಿದದ್ದೆಲ್ಲ ನನ್ನದೇ. ಆಮೇಲೆ ಕಮಲಳ ದನಿ ಕೇಳಿಸಿತು. "ಹೌದಮ್ಮ, ನನಗೆ ಸ್ವಲ್ಪ ಮರೆವು. ಹೇಳ್ಕೊಡಿ, ಕಲಿತ್ಕೋತೀನಿ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವಳು ನನ್ನನ್ನು ಸುಳ್ಳುಗಾರನೆಂದು ಹಿಡಿದುಕೊಡಬಹುದಾಗಿತ್ತು. ಅದನ್ನು ಬಿಟ್ಟು, ತನಗಿಲ್ಲದ ಮರೆವನ್ನು ತಾನೇ ಒಪ್ಪಿಕೊಂಡು ಕಾಫಿ ತಂದುಕೊಟ್ಟಳು. ಆ ಕಾಫಿ ಕುಡಿದ ಮೊದಲಿಯಾರರು ನನ್ನನ್ನು ಸ್ವಲ್ಪ ಗೊಂದಲದಿಂದಲೇ ನೋಡಿದರು.

ಅವರು ಹೋದಮೇಲೆ ಅವಳು ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಲೋಟಗಳನ್ನು ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು.

"ನಲ್ಲಿ ಹತ್ರ ಎಲ್ಲಾರೂ ಗಂಡಂದ್ರನ್ನ ಬೈಕೋತಾರೆ ಕಣ್ರೀ. ಪಕ್ಕದ್ಮನೆ ಪುಟ್ಟಮ್ಮ ಅಂತೂ ಶುರು ಮಾಡಿದ್ರೆ ಮೂರು ಕೊಡ ತುಂಬಿ ಹರೀತವೆ. ನನಗೆ ಬೈಯೋಕೆ ಏನೂ ತೋಚಲ್ಲ. ಸುಮ್ನೆ ನೀರು ಹಿಡ್ಕೊಂಡು ಬಂದ್ಬಿಡ್ತೀನಿ. ಅದಕ್ಕೇ ನನಗೆ ಜಂಭ ಅಂತ ಯಾರೂ ಮಾತಾಡ್ಸಲ್ಲ. ನಿಮಗೂ ಸುಮ್ನಿರೋಕೆ ಆಗ್ಲಿಲ್ವಾ?"

ಇಷ್ಟು ವರ್ಷದಿಂದ ನೀರು ತರುತ್ತಿರುವ ಅವಳಿಗೆ ನಲ್ಲಿಯ ಹತ್ತಿರ ಮಾತಾಡಲು ಯಾರೂ ಇಲ್ಲವೆಂಬುದೇ ನನಗೆ ತಿಳಿದಿರಲಿಲ್ಲ. ನನ್ನನ್ನು ಬೈಯದೆ ಅವಳು ಒಂಟಿಯಾಗಿದ್ದಳು. ಅವಳನ್ನು ಬೈದು ನಾನು ಚಹಾ ಕುಡಿಯುತ್ತಿದ್ದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ನಾಳೆ ಕಚೇರಿಯಲ್ಲಿ ನಿಜ ಹೇಳಿಯೇ ತೀರುತ್ತೇನೆಂದು ಮನಸ್ಸಿನಲ್ಲೇ ಆಣೆಯಿಟ್ಟುಕೊಂಡೆ. ಆಣೆಯ ವಿಷಯ ಅವಳಿಗೆ ಮಾತ್ರ ಹೇಳಲಿಲ್ಲ.

ಸೋಮವಾರ ಮಧ್ಯಾಹ್ನ ಕ್ಯಾರಿಯರ್ ಬಿಚ್ಚುವ ಮೊದಲೇ ಎದ್ದು ನಿಂತೆ. "ಇಷ್ಟು ದಿನ ನಾನು ಹೇಳಿದ್ದೆಲ್ಲ ಸುಳ್ಳು. ನನ್ನ ಹೆಂಡತಿಯ ಕೈ ಅಮೃತ. ನಾನು ಬಹಳ ಸುಖವಾಗಿದ್ದೀನಿ" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ನಂಬಿಕೆ ಬರಲೆಂದು, ಕಚೇರಿಯ ವಾಡಿಕೆಯನ್ನೂ ಮುರಿದು, ಇಬ್ಬರ ಮುಚ್ಚಳಕ್ಕೂ ಒಂದೊಂದು ಚಮಚ ಸಾರನ್ನ ಹಾಕಿದೆ.

ಮೊದಲಿಯಾರರು ಬಾಯಿಗಿಟ್ಟು, ನುಂಗಲೋ ಬೇಡವೋ ಎಂದು ಗೋಡೆ ನೋಡಿದರು. ರಹೀಮ್ ಸಾಹೇಬರು ನೀರಿನ ಲೋಟಕ್ಕೆ ಕೈಹಾಕಿದರು. ನಾನೂ ಒಂದು ತುತ್ತು ತಿಂದೆ. ಉಪ್ಪಿನ ಒಂದು ಹರಳೂ ಇರಲಿಲ್ಲ.

"ಭಾಯ್, ಮನೇಲಿ ನಿಮಗೆ ಅಷ್ಟು ಹೆದರ್ಸವ್ರಾ?" ಎಂದು ರಹೀಮ್ ಸಾಹೇಬರು ಮೆಲ್ಲನೆ ಕೇಳಿದರು. ಮೊದಲಿಯಾರರ ಕಣ್ಣಲ್ಲಿ ಈ ಸಲ ನಿಜವಾಗಿಯೂ ನೀರಿತ್ತು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ಅಂದು ನಾನು ಕೊನೆಯ ಅಗುಳಿನವರೆಗೂ ಉಂಡೆ.

ಸಂಜೆ ಮನೆಗೆ ಬಂದು ಕೇಳಿದರೆ, "ನಾನೇ ಹಾಕ್ಲಿಲ್ಲ. ನನ್ನ ಗಂಡ ಸುಳ್ಳುಗಾರ ಅಂತ ಯಾರೂ ಅನ್ನಬಾರ್ದಲ್ಲ" ಎಂದಳು ಕಮಲ. ಅದು ಮಮತೆಯೋ ಸೇಡೋ ನನಗಿನ್ನೂ ಗೊತ್ತಾಗಿಲ್ಲ. ನಾನು ಕಚೇರಿಯಲ್ಲಿ ಎದ್ದು ನಿಂತು ನಿಜ ಹೇಳಿದ್ದನ್ನೂ, ಆಮೇಲೆ ನಡೆದುದನ್ನೂ ಹೇಳಿದೆ. ಅವಳು ನಕ್ಕು ನಕ್ಕು ಗೋಡೆಗೊರಗಿದಳು. ಆಮೇಲೆ ಬಿಸಿ ಸಾರು ಬಡಿಸಿ, "ಹೇಗಿದೆ?" ಎಂದಳು. ಕಚೇರಿಯಲ್ಲಿ ಕೆಟ್ಟುಹೋದ ನಿಜವನ್ನು ಇಲ್ಲಾದರೂ ಗಟ್ಟಿಯಾಗಿ ಹೇಳೋಣವೆಂದು, "ಬಹಳ ಚೆನ್ನಾಗಿದೆ! ಇಂಥ ಸಾರು ಯಾರ ಮನೆಯಲ್ಲೂ ಇಲ್ಲ!" ಎಂದು ಕೂಗಿದೆ.

ಗೋಡೆಯಾಚೆ ಪುಟ್ಟಮ್ಮ ತನ್ನ ಗಂಡನಿಗೆ ಹೇಳುವುದು ಕೇಳಿಸಿತು. "ಕೇಳುಸ್ತಾ? ಆಯಪ್ಪನ್ನ ಎಷ್ಟು ಹೆದರ್ಸಿ ಮಡಗವ್ಳೆ ನೋಡು! ನಾನೇ ವಾಸಿ."

ಮಾರನೆಯ ದಿನದಿಂದ ನಲ್ಲಿಯ ಹತ್ತಿರ ಕಮಲಳ ಜಂಭ ಮಾಯವಾಗಿಹೋಯಿತು. ಅವಳೂ ತಮ್ಮ ಹಾಗೆಯೇ ಒಬ್ಬಳು ಎಂದು ಎಲ್ಲರೂ ಮಾತಾಡಿಸುತ್ತಾರೆ; ಪುಟ್ಟಮ್ಮ ಕೊಡ ಎತ್ತಿಕೊಡುತ್ತಾಳೆ. ಈಗ ಬೆಳಿಗ್ಗೆ ನೀರಿಗೆ ಹೋದವಳು ನಗುನಗುತ್ತ ಬರುವ ಹೊತ್ತಿಗೆ ಬಿಸಿಲೇರಿರುತ್ತದೆ. ಅಷ್ಟು ಹೊತ್ತು ನಾನು ಕಾಫಿಯಿಲ್ಲದೆ ಬಾಗಿಲು ನೋಡುತ್ತ ಕೂತಿರುತ್ತೇನೆ. ಕೊನೆಗೂ ನನಗೊಂದು ಅಪ್ಪಟ ನಿಜವಾದ ಕಷ್ಟ ಸಿಕ್ಕಿದೆ. ಆದರೆ ಕಚೇರಿಯಲ್ಲಿ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.