ಜಂಗಮಕೋಟೆ ಕೆರೆಯ ನೌಕಾಯುದ್ಧ

"ಇರಬೋದು" ಎಂದು ಒಂದೇ ಮಾತು ಹೇಳಿ ಗಾಡಿ ಹೊಡೆದುಕೊಂಡು ಹೋಗಿದ್ದರೆ ವೆಂಕಟರವಣಪ್ಪನಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ಆದರೆ ನೌಕಾಪಡೆಯಲ್ಲಿ ದೊಡ್ಡ ತೋಪಿನ ಹಿಂದೆ ನಿಂತು ಬಂದವನ ಬಾಯಿಂದ ಅಂಥ ಬಡಪಾಯಿ ಮಾತು ಹೊರಡುವುದು ಕಷ್ಟ.

೧೯೬೭ರ ದೀಪಾವಳಿ ಹತ್ತಿರವಾಗಿತ್ತು. ಅವನ ಮನೆಯಲ್ಲಿ ರೇಷ್ಮೆಹುಳುಗಳು ಹಣ್ಣಾಗಿದ್ದವು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಬಿದಿರಿನಿಂದ ಹೆಣೆದ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ನೂಲೆಲ್ಲ ದಂಡ. ಈ ಸಲ ಹುಳು ಹುಲುಸಾಗಿ ಬಂದು ಮನೆಯ ಚಂದ್ರಿಕೆಗಳು ಸಾಲದೆ ಹೋಗಿದ್ದವು. ಊರಿನ ಆ ತುದಿಯಲ್ಲಿ ತಾನೂ ಹುಳು ಸಾಕುವ ಹುಸೇನ್ ಸಾಬ್ ತನ್ನವನ್ನು ಎರವಲು ಕೊಡಲು ಒಪ್ಪಿದ್ದ.

"ಬಿರ್ರನೆ ಹೋಗಿ ಬನ್ನಿ. ದಾರೀಲಿ ಯಾರ ಹತ್ರಾನೂ ಹಡಗಿನ ಮಾತು ಎತ್ಬೇಡಿ. ಈ ಬೆಳೆ ಕೈಗೆ ಬಂದ್ರೆ ಮದರಾಸು, ನೆನಪೈತಾ?" ಎಂದು ಹೆಂಡತಿ ಅಕ್ಕಯ್ಯಮ್ಮ ಎಚ್ಚರಿಸಿಯೇ ಕಳಿಸಿದ್ದಳು.

ನೆನಪಿಲ್ಲದೆ ಏನು! ಮದುವೆಯಾದಾಗಿನಿಂದ "ನಿಂಗೆ ಸಮುದ್ರ ತೋರಿಸ್ತೀನಿ ಕಣೇ" ಎನ್ನುತ್ತಲೇ ಬಂದಿದ್ದ. ಒಂದು ವರ್ಷ ಮಳೆ ಇಲ್ಲ, ಇನ್ನೊಂದು ವರ್ಷ ಹುಳುವಿಗೆ ರೋಗ. ಅಕ್ಕಯ್ಯಮ್ಮ ಕಂಡ ಅತಿ ದೊಡ್ಡ ನೀರು ಊರ ಕೆರೆಯೇ. ನಿಜ ಹೇಳಬೇಕೆಂದರೆ ಈ ಆಸೆ ಅವಳಿಗಿಂತ ಅವನಿಗೇ ಹೆಚ್ಚು. ಮರಳಿನ ಮೇಲೆ ಅವಳ ಪಕ್ಕ ನಿಂತು, ದೂರದಲ್ಲಿ ಹೋಗುವ ಹಡಗಿಗೆ ಕೈ ತೋರಿಸಿ, "ನೋಡೇ, ನಾನು ನಿಲ್ತಿದ್ದದ್ದು ಅಲ್ಲಿ" ಎಂದು ಹೇಳಿದರೆ ಅವನ ಜನ್ಮ ಸಾರ್ಥಕವಾಗುತ್ತಿತ್ತು.

ಚಂದ್ರಿಕೆ ತುಂಬಿದ ಗಾಡಿ ಕೆರೆ ಏರಿಯ ಮೇಲಿನ ಸಾದಿಕ್ ಪಾಷಾನ ಅಂಗಡಿ ಮುಂದೆ ಬಂತು. ಪಾಷಾ ಹಬ್ಬಕ್ಕೆಂದು ಪಟಾಕಿ ಹರಡಿ ಕೂತಿದ್ದ. ಸಹಕಾರ ಸಂಘದ ಕಾರ್ಯದರ್ಶಿ ಚೆನ್ನರಾಯಪ್ಪ ಪೇಪರು ಹಿಡಿದಿದ್ದ.

"ಏಮಪ್ಪಾ ವೆಂಕಟರವಣಪ್ಪ, ನಿಮ್ಮ ಇಲಾಖೆ ಸುದ್ದಿ ಬಂದೈತೆ. ಈಜಿಪ್ಟಿನೋರ ಪುಟ್ಟ ದೋಣಿ ಇಸ್ರೇಲಿನ ದೊಡ್ಡ ಯುದ್ಧದ ಹಡಗನ್ನೇ ಮುಳುಗಿಸಿಬಿಡ್ತಂತೆ! ದೋಣಿ ಬಂದರು ಬಿಟ್ಟು ಆಚೆಗೂ ಬರ್ಲಿಲ್ವಂತೆ. ಕೂತಲ್ಲಿಂದ್ಲೇ ರಾಕೆಟ್ಟು. ಅದು ತಾನೇ ದಾರಿ ಹುಡುಕ್ಕೊಂಡು ಹೋಗಿ ಬಡೀತಂತೆ."

ವೆಂಕಟರವಣಪ್ಪ ಹಗ್ಗ ಜಗ್ಗಿ ಎತ್ತು ನಿಲ್ಲಿಸಿದ. "ಸುಳ್ಳು!"

"ಪೇಪರಲ್ಲಿ ಬಂದೈತೆ ಕಣಯ್ಯ. ಇನ್ಮೇಲೆ ದೊಡ್ಡ ತೋಪಿಗೆ ಕೆಲ್ಸ ಇಲ್ವಂತೆ. ಒಂದು ಹಡಗು ಇನ್ನೊಂದರ ಮುಖ ಕೂಡ ನೋಡಲ್ಲ, ಅಷ್ಟು ದೂರದಿಂದ ಯುದ್ಧ."

"ಮುಖ ನೋಡ್ದೆ ಹೊಡೆಯೋದು ಯುದ್ಧ ಏನ್ರಿ? ಗುರಿ ಅನ್ನೋದು ಕಣ್ಣಲ್ಲಿರ್ಬೇಕು, ಕೈಯಲ್ಲಿರ್ಬೇಕು. ರಾಕೆಟ್ಟಿಗೇನು ಕಣ್ಣೈತಾ?"

ಜನ ಸೇರಿದರು. "ಅರೆ ಅಣ್ಣಾ, ನೋಡೇಬಿಡಣ. ನನ್ ಹತ್ರ ಆಕಾಶಬಾಣ ಐತೆ," ಎಂದ ಪಾಷಾ. ಅವನ ಕಣ್ಣು ವ್ಯಾಪಾರದ ಮೇಲಿತ್ತು. "ಹಡಗಿಗೇನು ಮಾಡಣ?"

ಹಡಗು ಗಾಡಿಯಲ್ಲೇ ಇತ್ತು. ಒಂದು ಚಂದ್ರಿಕೆ ನೆನೆದರೆ ಒಣಗಿಸಿಕೊಂಡರಾಯಿತು, ಒಂದು ಗಳಿಗೆಯ ಕೆಲಸ ಎಂದುಕೊಂಡು ವೆಂಕಟರವಣಪ್ಪ ಎತ್ತುಗಳನ್ನು ಬಿಚ್ಚಿ ನೀರಿಗೆ ಬಿಟ್ಟ. ಒಂದು ಚಂದ್ರಿಕೆ ಇಳಿಸಿ, ಅದರ ಮೇಲೆ ಗಾಡಿಯಲ್ಲಿದ್ದ ಮಂಕರಿ ಬುಟ್ಟಿ ಬೋರಲು ಹಾಕಿ, ಕೋಲಿನಿಂದ ಕೆರೆಯೊಳಕ್ಕೆ ತಳ್ಳಿದ. ಪಾಷಾ ಅಂಗಡಿ ಮುಂದೆ ಸೀಸೆಯನ್ನು ಓರೆಯಾಗಿ ಹೂತು, ಬಾಣ ಇಟ್ಟು, ಬತ್ತಿಗೆ ಕೊಳ್ಳಿ ತಾಗಿಸಿದ.

ಮೊದಲನೆಯದು ಆಕಾಶಕ್ಕೆ ಹೋಯಿತು. ಎರಡನೆಯದು ದಡದಲ್ಲೇ ನೀರಿಗೆ ಬಿದ್ದು ಎಮ್ಮೆಯಂತೆ ಬುಸುಗುಟ್ಟಿತು. ಮೂರನೆಯದು ಹಡಗಿನತ್ತ ನೆಟ್ಟಗೆ ಹಾರಿದಾಗ ಚೆನ್ನರಾಯಪ್ಪ ಕೂಗಿಯೇ ಬಿಟ್ಟ. ಆದರೆ ಮಂಕರಿಯ ಮೇಲೆ ಹೋಗುತ್ತಲೇ ಅದು ಮನಸ್ಸು ಬದಲಾಯಿಸಿದಂತೆ ಸೊಟ್ಟಗಾಗಿ, ಗಿರ್ರನೆ ತಿರುಗಿತು.

"ನೋಡಿದ್ರಾ!" ವೆಂಕಟರವಣಪ್ಪ ಕೆರೆಗೆ ಬೆನ್ನು ಹಾಕಿ, ಏರಿಯ ಮೇಲೆ ಸೇರಿದ್ದ ಜನರತ್ತ ಎರಡೂ ಕೈ ಎತ್ತಿದ. "ದೊಡ್ಡ ಹಡಗು ದೊಡ್ಡ ಹಡಗೇ! ಬರ್ಕೊಳ್ರಿ, ಇನ್ನೂ ನೂರು ವರ್ಷ..."

ಜನ ಅವನನ್ನು ನೋಡುತ್ತಿರಲಿಲ್ಲ.

"ಅಣ್ಣಾ, ಗಾಡಿ!" ಎಂದು ಪಾಷಾ ಕಿರುಚಿದ.

ಬಾಣ ತಾನೇ ದಾರಿ ಹುಡುಕಿಕೊಂಡು ಚಂದ್ರಿಕೆಗಳ ನಡುವೆ ಹೋಗಿ ಕೂತಿತ್ತು. ಒಣ ಬಿದಿರು ಚಟಚಟ ಉರಿಯಿತು. ಕೊಡ, ಬಿಂದಿಗೆ, ಕೊನೆಗೆ ಪಾಷಾನ ಬೆಲ್ಲದ ಡಬ್ಬಿಯಲ್ಲೂ ನೀರು ಹೊಯ್ದರು. ಗಾಡಿಯ ಮೂಕಿ, ಚಕ್ರ ಉಳಿದವು. ಚಂದ್ರಿಕೆ ಒಂದೂ ಉಳಿಯಲಿಲ್ಲ. ಉಳಿದದ್ದು ಕೆರೆ ನಡುವೆ ಮಂಕರಿ ಹೊತ್ತು ತೇಲುತ್ತಿದ್ದ ಯುದ್ಧದ ಹಡಗು ಮಾತ್ರ.

"ಹಡಗಿಗೆ ಏನೂ ಆಗಿಲ್ಲ ಬಿಡು, ನೀನೇ ಗೆದ್ದೆ," ಎಂದ ಚೆನ್ನರಾಯಪ್ಪ. ಪಾಪ, ಸಮಾಧಾನಕ್ಕೇ ಹೇಳಿದ್ದು.

ನೀರಿನಿಂದ ಎಳೆದುಕೊಂಡ ಒದ್ದೆ ಚಂದ್ರಿಕೆ ತಲೆಯ ಮೇಲೆ ಹೊತ್ತು, ಎತ್ತು ಹೊಡೆದುಕೊಂಡು ವೆಂಕಟರವಣಪ್ಪ ಮನೆಯತ್ತ ನಡೆದ. ಆ ಮುಳುಗಿದ ಹಡಗಿನಲ್ಲೂ ತನ್ನಂಥವನೊಬ್ಬ ತೋಪಿನ ಹಿಂದೆ ನಿಂತಿದ್ದನೇನೋ, ಯಾರು ಹೊಡೆದರೆಂದು ಅವನಿಗೂ ಕಾಣಲಿಲ್ಲವೇನೋ ಎಂದು ಈಗ ಅನ್ನಿಸಿತು. ಸುದ್ದಿ ಕೇಳಿದಾಗಲೇ ಅಯ್ಯೋ ಅನ್ನಬೇಕಿತ್ತು, ಜಂಬ ಕೊಚ್ಚುತ್ತ ನಿಂತೆನಲ್ಲ ಎಂದು ನಾಚಿಕೆಯಾಯಿತು. ಮನೆಯಲ್ಲಿ ರಾಶಿ ಹುಳು, ತಲೆಯ ಮೇಲೆ ಒಂದೇ ಚಂದ್ರಿಕೆ. ಮದರಾಸು ಬೆಂದುಹೋಯಿತು.

ಮನೆಯೊಳಗೆ ಕಾಲಿಟ್ಟು ನೋಡಿದರೆ, ಸೌದೆಗೆಂದು ಒಟ್ಟಿದ್ದ ತೊಗರಿ ಕಡ್ಡಿಗಳೆಲ್ಲ ನೆಲದ ಮೇಲೆ ಹರಡಿದ್ದವು. ಅದರ ತುಂಬ ಹುಳು. ಒಂದೊಂದೂ ತಲೆ ಆಡಿಸುತ್ತ ನೂಲು ಬಿಡುತ್ತಿತ್ತು. ಅಕ್ಕಯ್ಯಮ್ಮನ ಜೊತೆ ಹುಸೇನ್ ಸಾಬನ ಹೆಂಡತಿ ಜಾನ್ ಬೀ ಸೆರಗು ಕಟ್ಟಿ ಹುಳು ಬಿಡುತ್ತಿದ್ದಳು.

"ನೀವು ಬರೋದು ತಡ ಆಯ್ತಲ್ಲ, ಕಡ್ಡಿ ಮೇಲೆ ಬಿಟ್ವಿ. ಬೆಳೆಗೇನೂ ಮೋಸ ಇಲ್ಲ," ಎಂದಳು ಅಕ್ಕಯ್ಯಮ್ಮ.

ವೆಂಕಟರವಣಪ್ಪನಿಗೆ ಹೋದ ಜೀವ ಬಂತು. "ಹಾಗಾದ್ರೆ ಮದರಾಸು..."

"ಹ್ಞೂ, ಹೊರಟೆ. ಹಬ್ಬ ಆದ ಮೇಲೆ ಜಾನ್ ಬೀ ಅಲ್ಲಿ ತಂಗಿ ಮನೆ ಮದುವೆಗೆ ಹೋಗ್ತಾಳಂತೆ. ಅವಳ ಜೊತೆ ಹೋಗ್ಬರ್ತೀನಿ."

"ನಾನು?"

"ನೀವು ಹೆಂಗೆ ಬರ್ತೀರಿ?" ಕೆರೆ ಏರಿಯ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಎರವಲು ತಂದ ಚಂದ್ರಿಕೆ ಹಾಳಾದರೆ, ಕೊಟ್ಟವರ ಹುಳು ಹಣ್ಣಾಗುವುದರೊಳಗೆ ಹಾಳು ಮಾಡಿದವನೇ ಕೂತು ಹೆಣೆದು ಕೊಡಬೇಕೆಂಬುದು ಊರ ಪದ್ಧತಿ. "ಗಾಡಿ ತುಂಬ ಹೆಣೀಬೇಕು. ನಾನು ಇನ್ನೆಷ್ಟು ವರ್ಷ ಕಾಯ್ಲಿ? ಹೆಂಗೂ ನೀವು ಸಮುದ್ರ ನೋಡಿರೋರು."

ಈ ಏಟು ಎಲ್ಲಿಂದ ಬಂದು ಬಡಿಯಿತೆಂದು ಅವನಿಗೆ ಕಾಣಲಿಲ್ಲ. "ಅಲ್ಲ ಕಣೇ, ನಾನಿಲ್ದೆ ಹಡಗು ಕಂಡ್ರೆ ನಿಂಗೇನು ತಿಳೀತದೆ?" ಎಂದ.

"ದೊಡ್ಡದು ಕಂಡ್ರೆ ನಿಮ್ಮನ್ನ ನೆನೆಸ್ಕೋತೀನಿ. ಚಿಕ್ಕದು ಕಂಡ್ರೆ ದೂರ ನಿಂತ್ಕೋತೀನಿ, ಬಿಡಿ."

ವೆಂಕಟರವಣಪ್ಪ ಒದ್ದೆ ಚಂದ್ರಿಕೆಯನ್ನು ಜಗಲಿಗೆ ಒರಗಿಸಿ, ಬಿದಿರು ಸೀಳಲು ಮಚ್ಚು ಹುಡುಕತೊಡಗಿದ.