ನಮ್ಮಾಕಿ ನೋಡದ ಮೊದಲರ್ಧ

ಟೆಂಟ್ ಸಿನಿಮಾದಲ್ಲಿ ಕೆಲಸ ಮಾಡಿದವನಿಗೆ ಫಜೀತಿಗೆ ಬರವಿಲ್ಲ. ಒಂದು ಮುಗಿಯಿತಪ್ಪಾ ಅನ್ನುವುದರೊಳಗೆ ಇನ್ನೊಂದು ಬಂದು ಗೇಟಿನಲ್ಲಿ ನಿಂತಿರುತ್ತಿತ್ತು, ಅದೂ ಟಿಕೀಟಿಲ್ಲದೆ. ಶಹಾಪುರದ ಕಡೆ ಕಾಲುವೆ ತೋಡುತ್ತಿದ್ದ ವರ್ಷಗಳಲ್ಲಿ ದೋರನಹಳ್ಳಿಯ ಹೊರಗೆ ಗೌಡರ ಎರೆಹೊಲದಲ್ಲಿ ನಮ್ಮ ಟೆಂಟು ನಿಂತಿತ್ತು. ಕಾಲುವೆ ಕೆಲಸಕ್ಕೆ ಬಂದವರು, ಸುತ್ತಲಿನ ಹಳ್ಳಿಯವರು, ಸಂಜೆಯಾದರೆ ಎಲ್ಲರೂ ಅಲ್ಲಿಗೇ. ನಾನು ಸಿನಿಮಾ ರಂಗದಲ್ಲಿದ್ದೆ ಅಂತ ಈಗ ಹೇಳಿದರೆ ಮಂದಿ ಕಣ್ಣರಳಿಸಿ, "ಯಾವ ಪಾರ್ಟು ಮಾಡ್ತಿದ್ರಿ?" ಅಂತ ಕೇಳುತ್ತಾರೆ. "ಗೇಟಿಂದು" ಅನ್ನುತ್ತೇನೆ.

ಹುಚ್ಚು ಇದ್ದದ್ದು ಮದ್ರಾಸಿಂದು. ಕತೆ ಬರೆಯಬೇಕು, ಪರದೆಯ ಮೇಲೆ ನನ್ನ ಹೆಸರು ಬೀಳಬೇಕು ಅಂತ. ಮದ್ರಾಸಿಗೆ ಹೋಗುವ ಗಾಡಿ ಯಾದಗಿರಿ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಒಮ್ಮೆ ಟ್ರಂಕು ಹಿಡಿದು ಹೋಗಿದ್ದೆ. ಗಾಡಿ ಬಂತು, ನಿಂತಿತು, ಹೋಯಿತು. ನಾನು ಪ್ಲಾಟ್‌ಫಾರ್ಮಿನಲ್ಲಿ ಒಂದು ಚಹಾ ಕುಡಿದು ಶಹಾಪುರದ ಬಸ್ಸು ಹತ್ತಿ ವಾಪಸು ಬಂದೆ. ಆಮೇಲೆ ಮದುವೆಯಾಯಿತು, ಟೆಂಟಿನ ಕೆಲಸ ಸಿಕ್ಕಿತು. ಅಳುವುದಕ್ಕೆ ಇಷ್ಟು ಸಾಕು. ನಗುವುದಕ್ಕೆ ನಮ್ಮಾಕಿ ಇದ್ದಳು. ಈಗ ಆಕೆಯೂ ಇಲ್ಲ. ಇದ್ದಿದ್ದರೆ ಇದನ್ನೆಲ್ಲ ನಾನು ಬರೆಯುತ್ತಿರಲಿಲ್ಲ, ಆಕೆಯೇ ಹೇಳುತ್ತಿದ್ದಳು, ಅದೂ ಇಂಟರ್ವಲ್ಲಿನಿಂದ ಸುರುಮಾಡಿ.

ರೊಟ್ಟಿ

ಇಂಟರ್ವಲ್ಲಿನಿಂದ ಯಾಕೆ ಅಂದರೆ, ಟೆಂಟಿನವರಿಗೆಲ್ಲ ರೊಟ್ಟಿ ಬಡಿಯುವ ಕೆಲಸ ಆಕೆಯದು. ಮಾಲಕರು, ಆಪರೇಟರು, ಪೋಸ್ಟರು ಹಚ್ಚುವವನು, ನಾನು, ನಮ್ಮೆಲ್ಲರ ಊಟ ಇಂಟರ್ವಲ್ಲಿಗೆ. ಪರದೆಯ ಮೇಲೆ ಹೆಸರು ಬೀಳುವಾಗ ನಮ್ಮಾಕಿ ಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿಕೊಂಡು ಬರುವ ಹೊತ್ತಿಗೆ ಅರ್ಧ ಸಿನಿಮಾ ಮುಗಿದಿರುತ್ತಿತ್ತು. ಬುತ್ತಿ ನಮ್ಮ ಕೈಗೆ ಕೊಟ್ಟು ಹೆಂಗಸರ ಕಡೆ ಹೋಗಿ ಕೂತು ಉಳಿದರ್ಧ ನೋಡುತ್ತಿದ್ದಳು. ದೀಪದ ಬುಡಕ್ಕೇ ಕತ್ತಲೆ ಅನ್ನುವುದು ಇದಕ್ಕೇ. ಸಿನಿಮಾದವನ ಹೆಂಡತಿ ವರ್ಷಗಟ್ಟಲೆ ಒಂದೂ ಸಿನಿಮಾದ ಮೊದಲರ್ಧ ನೋಡಲಿಲ್ಲ.

ಮನೆಗೆ ಹೋಗುವಾಗ ದಾರಿಯಲ್ಲಿ ಕೇಳುವಳು, "ಅಕಿ ಎದಕ ಅಷ್ಟ ಅಳಾಕತ್ತಿದ್ದಳ್ರಿ? ಮದಲ ಏನಾತು?"

ಮೊದಲರ್ಧ ನಾನಾದರೂ ಎಲ್ಲಿ ನೋಡಿದ್ದೆ? ತಡವಾಗಿ ಬರುವವರನ್ನು ಒಳಗೆ ಬಿಡುತ್ತ ಪರದೆಗೆ ಬೆನ್ನು ಮಾಡಿ ನಿಂತವನು. ಕಿವಿಗೆ ಬಿದ್ದಷ್ಟು ಹೇಳುತ್ತಿದ್ದೆ. "ಮದಲ ಒಂದ ಹಾಡ ಆತು. ಆಮ್ಯಾಲ ಯಾರೋ ಯಾರಿಗೋ ಕಪಾಳಕ್ಕ ಹೊಡದಂಗಾತು. ಆಮ್ಯಾಲ ಕುದುರಿ ಓಡಿತು."

"ಹೊಡದದ್ದು ಅತ್ತೀನೋ, ಗಂಡನೋ?"

"ಸಪ್ಪಳ ಕೇಳಿದ್ರ ಕುದುರಿನೇ ಒದ್ದಂಗಿತ್ತು."

ಓಣಿಯ ಹೆಂಗಸರಿಗೆ ಆಕೆ ಒಂದು ಸಿದ್ಧಾಂತ ಮಾಡಿ ಹೇಳಿದ್ದಳು. "ಸಿನಿಮಾದಾಗ ನಾವು ಹೋಗೂದ್ರಾಗ ಎಲ್ಲಾ ಕೆಟ್ಟು ಹೋಗಿರ್ತದ. ಯಾರ ಕೆಡಸಿದ್ರು ಅಂತ ಕೇಳಬಾರದು, ಸುಮ್ಮನ ಕುಂತು ಅಳಬೇಕು."

ಆಕೆಯ ಆಸೆ ಒಂದೇ ಇತ್ತು. ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. "ಒಮ್ಮೆರೆ ಹೆಸರು ಬೀಳೂದ್ರಿಂದ ಹಿಡದು ಶುಭಂ ತನಾ, ನಿಮ್ಮ ಬಾಜೂಕ ಕುಂತು ಒಂದ ಸಿನಿಮಾ ನೋಡಬೇಕು." ನಾನು ಪ್ರತಿ ಸಲ ಮುಂದಿನ ಸಿನಿಮಾಕ್ಕೆ ನೋಡೋಣ ಅನ್ನುತ್ತಿದ್ದೆ. ಆಕೆ ನಗುತ್ತ, "ಮುಂದಿಂದಕ್ಕ ಬ್ಯಾರೆ ಮಂದಿ ರೊಟ್ಟಿ ಬಡೀತಾರೇನು?" ಅನ್ನುತ್ತಿದ್ದಳು.

ಸೈಕಲ್ಲು ಬರುವ ತನಕ

ನಮ್ಮ ಟೆಂಟಿಗೂ ಶಹಾಪುರದ ಒಂದು ಟಾಕೀಜಿಗೂ ಸೇರಿ ಸಿನಿಮಾದ ಪ್ರಿಂಟು ಒಂದೇ. ಅಲ್ಲಿ ತೋರಿಸಿ ಮುಗಿದ ರೀಲನ್ನು ಒಬ್ಬ ಸೈಕಲ್ಲಿನ ಮೇಲೆ ನಮ್ಮಲ್ಲಿಗೆ ತರುತ್ತಿದ್ದ. ಅಷ್ಟರೊಳಗೆ ನಮ್ಮಲ್ಲಿ ಹಿಂದಿನ ರೀಲು ಮುಗಿಯಬೇಕು. ಲೆಕ್ಕ ಚೆನ್ನಾಗಿಯೇ ನಡೆದಿತ್ತು. ಒಂದು ದಿನ ಕಾಲುವೆಯವರು ಬಂದು ಆ ದಾರಿಯನ್ನೇ ನಡುವೆ ಕಡಿದು ಹಾಕಿದರು. ಸೇತುವೆ ಇನ್ನೂ ಕಟ್ಟಿರಲಿಲ್ಲ. ಸೈಕಲ್ಲಿನವನು ರೀಲಿನ ಡಬ್ಬಿ ತಲೆಯ ಮೇಲೆ, ಸೈಕಲ್ಲು ಹೆಗಲ ಮೇಲೆ ಇಟ್ಟುಕೊಂಡು ಕಾಲುವೆಗೆ ಇಳಿದು ಹತ್ತಿ ಬರಬೇಕಾಯಿತು.

ಅವತ್ತು ಪರದೆ ಬೆಳ್ಳಗಾಯಿತು. ಅಬ್ಬೆತುಮಕೂರು ಮಠದ ಪ್ರಸಾದಕ್ಕೆ ಕೂತ ಹಾಗೆ ಶಿಸ್ತಾಗಿ ಕೂತಿದ್ದ ಮಂದಿ ಸೀಟಿ ಹೊಡೆಯಲು ಹತ್ತಿದರು. ಮಾಲಕರು ನನ್ನನ್ನು ಪರದೆಯ ಮುಂದೆ ದಬ್ಬಿ, "ಏನರೆ ಹೇಳು, ಮಂದೀನ್ನ ಹಿಡದು ಕುಂದ್ರಸು" ಅಂದರು. ಮುಂದಿನ ಕತೆ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ, ಮಗಳು ಬೇರೆ ಜಾತಿಯ ಹುಡುಗನನ್ನು ಕರೆದುಕೊಂಡು ಅಪ್ಪನ ಬಾಗಿಲಿಗೆ ಬಂದು ನಿಂತಿದ್ದಾಳೆ. ನಾನು ಧೈರ್ಯ ಮಾಡಿ ಸುರುಮಾಡಿದೆ. ಅಪ್ಪ ಮೊದಲು ಬೈದ, ಆಮೇಲೆ ಮಗಳ ಮುಖ ನೋಡಿದ, ಆಕೆ ಸಣ್ಣವಳಿದ್ದಾಗ ಜ್ವರ ಬಂದದ್ದು ನೆನಪಾಯಿತು, ಬಾಗಿಲು ಪೂರ್ತಿ ತೆಗೆದ. ಹುಡುಗನಿಗೆ ಕಾಲಿಗೆ ನೀರು ಕೊಟ್ಟ. ಮುಂದೆ ಕೂತ ಒಬ್ಬ ಮುದುಕ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ.

ಅಷ್ಟರಲ್ಲಿ ರೀಲು ಬಂತು. ಪರದೆಯ ಮೇಲೆ ಅಪ್ಪ ಬಂದೂಕು ಹಿಡಿದು ನಿಂತಿದ್ದ.

ಮುದುಕ ಎದ್ದು ನಿಂತು ಕೂಗಿದ, "ಏ, ಬಂದ್ ಮಾಡ್ರಿ! ಈಗ ತಾನ ಕಾಲಿಗಿ ನೀರ ಕೊಟ್ಟಾನ, ಮತ್ತ ಬಂದೂಕ ಹಿಡದಾನ. ಇದ್ಯಾವ ದೊಡ್ಡಸ್ತನ?"

"ಯಜಮಾನ್ರ, ನಾ ಹೇಳಿದ್ದು ನನ್ನ ಕತಿರಿ. ಇದು ಖರೇ ಸಿನಿಮಾ" ಅಂದೆ.

"ಹಂಗಾದ್ರ ಸಿನಿಮಾ ಸುಳ್ಳ ಅದ. ನೀವೇ ಮುಂದ ಹೇಳ್ರಿ."

ಅವತ್ತು ನನಗೆ ಆದ ಸಂತೋಷ ಆಮೇಲೆ ಎಂದೂ ಆಗಲಿಲ್ಲ. ಯಾದಗಿರಿಯಲ್ಲಿ ಆ ಗಾಡಿ ಹತ್ತಬೇಕಿತ್ತು ಅಂತಲೂ ಅನಿಸಿತು. ಓಡಿಹೋಗಿ, ಆಗತಾನೆ ಬುತ್ತಿ ಹಿಡಿದು ಬಂದ ನಮ್ಮಾಕಿಗೆ ಎಲ್ಲ ಹೇಳಿದೆ. ಆಕೆ ಬುತ್ತಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಸಿನಿಮಾದ ಮೊದಲರ್ಧ ಹೋಗ್ಲಿ ಬಿಡ್ರಿ. ಕಟ್ಟಿಕೊಂಡ ಗಂಡ ಕತಿ ಹೇಳಿದ್ದೂ ಇಂಟರ್ವಲ್ಲಿನ ಮದಲೇ?"

ತಟ್ಟಿ

ಟೆಂಟಿನ ನಡುವೆ ಒಂದು ಬಿದಿರಿನ ತಟ್ಟಿ. ಈ ಕಡೆ ಗಂಡಸರು, ಆ ಕಡೆ ಹೆಂಗಸರು. ಗಂಡ ಹೆಂಡತಿ ಆದರೂ ಗೇಟಿನ ತನಕ ಮಾತ್ರ ಜೋಡಿ. ನಾರಾಯಣಪುರದ ಆಣೆಕಟ್ಟಿನ ಕೆಲಸದಿಂದ ವರ್ಗವಾಗಿ ಬಂದ ಒಬ್ಬ ಓವರ್ಸಿಯರು ಹೊಸದಾಗಿ ಮದುವೆಯಾಗಿದ್ದರು. ಮೈಸೂರು ಕಡೆಯವರು. ಹೆಂಡತಿಯ ಜೊತೆಗೇ ಕೂರುತ್ತೇನೆ ಅಂತ ಹಟ ಹಿಡಿದರು. ಮಾಲಕರು ಕೈ ಮುಗಿದು, "ಸಾಹೇಬ್ರ, ನೀವು ಆಣೆಕಟ್ಟ ಒಡದ್ರೂ ನಡೀತದ, ತಟ್ಟಿ ಒಡೀಬ್ಯಾಡ್ರಿ" ಅಂದರು.

ಇಂಜಿನಿಯರಿಂಗ್ ಕಲಿತವರು ದಾರಿ ಹುಡುಕದೆ ಬಿಡುತ್ತಾರೆಯೇ? ತಟ್ಟಿಯ ಈ ಬದಿ ಅವರು, ಆ ಬದಿ ಅವರ ಹೆಂಡತಿ ಕೂತು, ನಡುವೆ ಒಂದು ಕಿಂಡಿ ಮಾಡಿಕೊಂಡರು. ಕಿಂಡಿಯಲ್ಲಿ ಶೇಂಗಾ ಆ ಕಡೆ ಹೋಗುವುದು, ಸಿಪ್ಪೆ ಈ ಕಡೆ ಬರುವುದು. ನೋಡಿದವರು ಸುಮ್ಮನಿರಲಿಲ್ಲ. ತಿಂಗಳು ತುಂಬುವುದರೊಳಗೆ ತಟ್ಟಿಯ ಉದ್ದಕ್ಕೂ ಕಿಂಡಿಗಳು.

ಮಾಲಕರು ಕಂದೀಲು ಹಿಡಿದು ನೋಡಿ, "ಇದೇನಲೇ, ಇಲಿ ಕಡದಾವೇನು?" ಅಂತ ಕೇಳಿದರು.

"ಹೌದ್ರಿ, ಲಗ್ನ ಆದ ಇಲಿ" ಅಂದೆ.

ನಮ್ಮಾಕಿಯೂ ಬಿದಿರು ಸರಿಸಿ ಒಂದು ಕಿಂಡಿ ಮಾಡಿಕೊಂಡಿದ್ದಳಂತೆ. ಆ ಕಿಂಡಿಯ ಈ ಕಡೆ ನಾನಿರಬೇಕಿತ್ತು. ನಾನು ಗೇಟಿನಲ್ಲಿ. ನನ್ನ ಬದಲಿಗೆ ಅಲ್ಲಿ ಪೋಸ್ಟರು ಹಚ್ಚುವವನು ಕೂತಿದ್ದ. ಒಂದು ಸಂಜೆ ಕತ್ತಲಲ್ಲಿ ಆಕೆ ನಾನೇ ಅಂತ ತಿಳಿದು ಕಿಂಡಿಯಲ್ಲಿ ಕೈ ಹಾಕಿ ಶೇಂಗಾ ಉಂಡಿ ಕೊಟ್ಟಿದ್ದಾಳೆ. ಅವನು ತಿಂದು, ಮರುದಿನ ನನ್ನ ಹತ್ತಿರ ಬಂದು ಗಾಬರಿಯಿಂದ ಹೇಳಿದ, "ಅಣ್ಣಾ, ಟೆಂಟಿನ್ಯಾಗ ಯಾವುದೋ ದೇವರ ವಾಸ ಅದ. ಖರೇ ಹೇಳ್ತೀನಿ, ಉಂಡಿ ಕೊಡ್ತದ."

ಇಂದೇ ಕಡೇ ದಿನ

ಊರೂರಿಗೆ ಟಾಂಗಾದಲ್ಲಿ ಹೋಗಿ ಮೈಕಿನಲ್ಲಿ ಕೂಗುವ ಕೆಲಸವೂ ನನ್ನದೇ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಗುರುವಾರ ಬಂದರೆ, "ಇಂದೇ ಕಡೇ ದಿನ, ನೋಡಲು ಮರೆಯದಿರಿ!" ಶುಕ್ರವಾರ ಬಂದರೆ, "ಜನರ ಒತ್ತಾಯದ ಮೇರೆಗೆ ಇನ್ನೊಂದು ವಾರ!" ಯಾರೂ ಒತ್ತಾಯ ಮಾಡಿರುತ್ತಿರಲಿಲ್ಲ. ಮಂದಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾಲುವೆಗೆ ನೀರು ಬಂದ ಮೇಲೆ ನೀರಾವರಿ ಸಾಹೇಬರೊಬ್ಬರು ನಮ್ಮ ಮೈಕನ್ನೇ ಕೇಳಿ ಕಳಿಸಿದರು. ನಾಳೆಯಿಂದ ನೀರು ನಿಲ್ಲಿಸುತ್ತೇವೆ, ರೈತರಿಗೆ ತಿಳಿಸಬೇಕು ಅಂತ. ನಾನು ಹೋದೆ. ಬಾಯಿಗೆ ರೂಢಿಯಾದದ್ದೇ ಬಂತು. "ಮಹಾಜನರೇ, ಕಾಲುವೆ ನೀರು ಇಂದೇ ಕಡೇ ದಿನ! ಮರೆತು ನಿರಾಶರಾಗದಿರಿ!"

ಕಟ್ಟೆಯ ಮೇಲೆ ಕೂತವರು ಹೊಟ್ಟೆ ಹಿಡಿದು ನಕ್ಕರು. ಒಬ್ಬನೂ ಹೊಲದ ಕಡೆ ಹೋಗಲಿಲ್ಲ. ಮರುದಿನ ಕಾಲುವೆ ಒಣಗಿದ್ದು ನೋಡಿ ಎಲ್ಲರೂ ಸಾಹೇಬರ ಬಾಗಿಲಿಗೆ ಬಂದು ನಿಂತರು. ಸಾಹೇಬರು, "ನಿನ್ನೆ ಮೈಕಿನಲ್ಲಿ ಹೇಳಿಸಿದೆವಲ್ಲಪ್ಪ?" ಅಂದರು.

ಮುಂದಿದ್ದವನು ಅಂದ, "ಹೇಳಿದ್ರಿ ಖರೇ. ಆದ್ರ ಜನರ ಒತ್ತಾಯದ ಮೇರೆಗೆ ಇನ್ನೊಂದು ವಾರ ಬಿಡಬೇಕಿತ್ತಲ್ರಿ?"

ಖರೇ ಕಡೇ ದಿನ

ನೀರು ಬಂದ ಮೇಲೆ ಎರೆಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಗೌಡರು ತಮ್ಮ ಹೊಲಕ್ಕೂ ಭತ್ತ ಹಚ್ಚುತ್ತೇನೆ ಅಂದರು. ಬೇಡ ಅನ್ನಲು ನಾವು ಯಾರು? ಊರಿಗೆ ಒಳ್ಳೆಯದಾಗುವಾಗ ನಮ್ಮೊಬ್ಬರಿಗೆ ದುಃಖ ಆದರೆ ಅದನ್ನು ಯಾರ ಮುಂದೆ ಹೇಳುವುದು? ಮಾಲಕರು, "ಇವತ್ತಿನ ಆಟ ಆದ ಮ್ಯಾಲ ಟೆಂಟ ಬಿಚ್ಚೂದು" ಅಂದುಬಿಟ್ಟರು.

ಟಾಂಗಾ ಹತ್ತಿದೆ. "ಇಂದೇ ಕಡೇ ದಿನ" ಅಂದೆ. ನಕ್ಕರು. "ಖರೇನೇ ಕಡೇ ದಿನ, ನಾಳಿಂದ ಟೆಂಟೇ ಇರಂಗಿಲ್ಲ" ಅಂದೆ. "ಇದು ಹೊಸಾ ನಮೂನಿ ಅದ" ಅಂದರು. ಕಡೆಗೆ ಮೈಕಿನಲ್ಲಿಯೇ ನಮ್ಮವ್ವನ ಆಣೆ ಮಾಡಿದೆ. ಬಾಗಿಲಲ್ಲಿ ಕೂತ ಒಬ್ಬ ಮುದುಕಿ ಸೊಸೆಗೆ ಹೇಳುವುದು ಕೇಳಿಸಿತು. "ಹೊಟ್ಟಿಪಾಡು ನೋಡವ್ವ. ಪಾಪ, ತಾಯೀನ್ನೂ ಬಿಡಲಿಲ್ಲ."

ನಾಳೆ ನೋಡಿದರಾಯಿತು ಅಂತ ಸಂಜೆ ಟೆಂಟಿಗೆ ಒಬ್ಬರೂ ಬರಲಿಲ್ಲ. ನಂಬಿದವಳು ಒಬ್ಬಳೇ. ನಮ್ಮಾಕಿ ಒಲೆ ಹಚ್ಚದೆ, ತಲೆ ಬಾಚಿಕೊಂಡು, ಆಟ ಸುರುವಾಗುವ ಮೊದಲೇ ಬಂದು ನಿಂತಿದ್ದಳು.

ಮಾಲಕರು ನನ್ನ ಕಡೆ ನೋಡಿ, "ಖಾಲಿ ಟೆಂಟಿಗಿ ಗೇಟ್ ಕಾಯೂದೆದಕ? ಹೋಗಿ ಅಕಿ ಬಾಜೂಕ ಕುಂದ್ರು" ಅಂದರು. ಕೂರುವುದು ಎಲ್ಲಿ? ಗಂಡಸರ ಕಡೆ ಬರಲು ಆಕೆಗೆ ನಾಚಿಕೆ, ಹೆಂಗಸರ ಕಡೆ ಹೋಗಲು ನನಗೆ ನಾಚಿಕೆ. ಮಾಲಕರು ಸಿಟ್ಟಿಗೆದ್ದು, "ನಾಳಿ ಕೀಳೂದು ಇವತ್ತೇ ಕೀಳ್ತೀನಿ" ಅಂತ ತಟ್ಟಿಯನ್ನೇ ಕಿತ್ತು ಎಸೆದರು. ತಟ್ಟಿ ನಿಂತಿದ್ದ ಜಾಗದಲ್ಲಿ ನಾವಿಬ್ಬರೂ ಕೂತೆವು.

ಹೆಸರು ಬಿದ್ದವು. ಆಕೆ ಒಂದೊಂದು ಹೆಸರನ್ನೂ ಬಾಯಿಬಿಟ್ಟು ಓದಿದಳು, ಲೈಟಿನವನ ಹೆಸರನ್ನು ಕೂಡ. ಆಮೇಲೆ ನಾಯಕಿ ಬಂದಳು, ಸೂರ್ಯಕಾಂತಿ ಹೊಲದಲ್ಲಿ ನಗುತ್ತ ಓಡಿದಳು. ನಮ್ಮಾಕಿ ನನ್ನ ರಟ್ಟೆ ಹಿಡಿದು, "ಇಕಿ ನಗತಾಳಲ್ರಿ!" ಅಂದಳು. ಆ ನಟಿಯ ಸಿನಿಮಾಗಳನ್ನು ಅದೆಷ್ಟೋ ವರ್ಷ ನೋಡಿದ್ದಳು. ಆ ನಟಿ ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಖಳನಾಯಕ ಬಂದು ನಾಯಕನ ಹೆಗಲ ಮೇಲೆ ಕೈ ಹಾಕಿದ. "ಅಯ್ಯ, ಇವ ಮದಲ ಇಷ್ಟ ಒಳ್ಳೇವ ಇದ್ದನ? ಸುಮ್ಮನ ಬೈದೆನಲ್ಲ!" ಅಂತ ಕೆನ್ನೆ ಬಡಿದುಕೊಂಡಳು. ನಾನು ಪರದೆ ನೋಡಲೇ ಇಲ್ಲ. ಆಕೆ ನೋಡುವುದನ್ನು ನೋಡುತ್ತಿದ್ದೆ.

ಇಂಟರ್ವಲ್ ಆಯಿತು. ಆಕೆ ಸೀರೆ ಕೊಡವಿಕೊಂಡು ಎದ್ದಳು.

"ಇನ್ನೂ ಅರ್ಧ ಅದ" ಅಂದೆ.

"ಆ ಅರ್ಧ ನನಗ ಬಾಯಿಪಾಠ ಅದರಿ. ಗಂಡ ಬಿಡ್ತಾನ, ಅತ್ತಿ ಹೊರಗ ಹಾಕ್ತಾಳ, ಕಡೀಗಿ ದವಾಖಾನ್ಯಾಗ ಎಲ್ಲಾರೂ ಅಳ್ತಾರ. ಇಷ್ಟ ಚಂದ ನಗೂ ಹುಡುಗೀನ್ನ ಮತ್ತ ಅಳಿಸೂದು ಬ್ಯಾಡ." ಆಮೇಲೆ ಆಪರೇಟರನ ಕಡೆ ತಿರುಗಿ ಕೂಗಿದಳು, "ಅಣ್ಣಾ, ಇಲ್ಲಿಗೇ ಶುಭಂ ಹಾಕಿಬಿಡ್ರಿ!"

ಆಪರೇಟರು ಮಾಲಕರ ಮುಖ ನೋಡಿದ. ಮಾಲಕರು ತಲೆಯಾಡಿಸಿದರು. ಶಹಾಪುರದಲ್ಲಿ ಆ ಸಿನಿಮಾ ಆಗಲೇ ಮುಗಿದು ರೀಲುಗಳೆಲ್ಲ ನಮ್ಮಲ್ಲೇ ಇದ್ದವು. ಅವನು ಕಡೆಯ ರೀಲು ತೆಗೆದು, ಸುತ್ತಿ ಸುತ್ತಿ, ಬಾಲದ ತುದಿಯೊಂದನ್ನೇ ಮಷೀನಿಗೆ ಹಾಕಿದ. ಖಾಲಿ ಟೆಂಟಿನಲ್ಲಿ, ಪರದೆ ತುಂಬ, ಶುಭಂ ಅಂತ ಬಂತು. ನಮ್ಮಾಕಿ ಕೈ ಮುಗಿದಳು. ನನಗೆ ಅಳು ತಡೆಯಲಾಗಲಿಲ್ಲ.

ಮನೆಯ ದಾರಿಯಲ್ಲಿ ಆಕೆ ಏನೋ ಲೆಕ್ಕ ಹಾಕುತ್ತ ಬಂದಳು. ಬಾಗಿಲು ಹತ್ತಿರ ಬಂದಾಗ ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನನ್ನೇ ದುರುಗುಟ್ಟಿ ನೋಡಿದಳು.

"ಸಿನಿಮಾ ಅಂದ್ರ ಇಷ್ಟ ಸಣ್ಣದು ಅಂತ ಮದಲೇ ಹೇಳಿದ್ರ, ರೊಟ್ಟಿ ಆಮ್ಯಾಲ ಬಡದು ದಿನಾ ಬರತಿದ್ದೆನಲ್ರಿ!"